ಮೇ ತಿಂಗಳ ಮಧ್ಯಾಹ್ನಕ್ಕೊಂದು ಕಚೇರಿ

ಹೆಚ್ಚೂಕಡಿಮೆ ಪ್ರತಿ ವರ್ಷ ಬೇಸಿಗೆ ಬಲಿಯುವ ಹೊತ್ತಿಗೆ ಬೆಂಗಳೂರಿನಿಂದ ಒಂದು ಆದೇಶ ಹೊರಡುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಆದೇಶ ತಡವಾದರೆ ನೌಕರರು ನೆನಪಿಸುತ್ತಾರೆ, ಪತ್ರಿಕೆಯವರು ಕೇಳುತ್ತಾರೆ. ಪಾದರಸ 40 ದಾಟಿ 42, 43 ಎಂದು ಏರುವ ಸೀಮೆಯಲ್ಲಿ ಇದು ಬೇಕಾದದ್ದೇ. ಬಸ್ಸು ಹತ್ತಿ ಬರುವ ರೈತನಿಗೂ, ಉರಿಬಿಸಿಲಲ್ಲಿ ಸ್ಕೂಟರ್ ಮೇಲೆ ಮನೆಗೆ ಹೋಗುವ ಗುಮಾಸ್ತನಿಗೂ ಅದರಿಂದ ಉಪಕಾರವೇ ಆಗಿದೆ.

ಅದೇ ಆದೇಶವನ್ನು ಕಟ್ಟಡದ ಕಡೆಯಿಂದ ಓದಿದರೆ ಬೇರೆ ಅರ್ಥ ಹೊರಡುತ್ತದೆ. ಕಟ್ಟಿಸಿದ ಕಚೇರಿಗಳಲ್ಲಿ ವರ್ಷಕ್ಕೆ ಎರಡು ತಿಂಗಳು ಮಧ್ಯಾಹ್ನ ಕೂಡಲು ಆಗುವುದಿಲ್ಲ ಎಂದು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡಂತೆ. ಬಿಸಿಲು ಇಲ್ಲಿಗೆ ಹೊಸದಲ್ಲ. ಬಹಮನಿ ಸುಲ್ತಾನರು 1347ರಲ್ಲಿ ಇಲ್ಲಿ ರಾಜ್ಯ ಕಟ್ಟಿದಾಗಲೂ ಇದೇ ಬಿಸಿಲಿತ್ತು. 1948ರವರೆಗೆ ನಿಜಾಮರ ಕಾರಕೂನರು ಇದೇ ಬಿಸಿಲಲ್ಲಿ ಲೆಕ್ಕ ಬರೆದರು. ಹೊಸದಾಗಿ ಬಂದದ್ದು ತೆಳುಗೋಡೆ, ಬೋಳು ಆರ್‌ಸಿಸಿ ಚಾವಣಿ, ಪಡುವಣಕ್ಕೆ ಮುಖ ಮಾಡಿದ ಅಗಲ ಗಾಜು.

ಈ ಮಾತು ಈಗ ಎತ್ತಲು ಕಾರಣವಿದೆ. 2018ರಲ್ಲಿ ಕಲಬುರಗಿ ಜಿಲ್ಲೆಗೆ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಎಂಬ ನಾಲ್ಕು ಹೊಸ ತಾಲ್ಲೂಕುಗಳು ಸೇರಿದವು. ಅದುವರೆಗೆ ಕಮಲಾಪುರದ ಕಡೆಯವರು ತಹಸೀಲ್ ಕೆಲಸಕ್ಕೆ ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಲಬುರಗಿಗೇ ಬರಬೇಕಿತ್ತು. ಒಂದು ಪಹಣಿ, ಒಂದು ಜಾತಿ ಪ್ರಮಾಣಪತ್ರ ಎಂದರೂ ಒಂದು ದಿನದ ಕೂಲಿ ಹೋಗುತ್ತಿತ್ತು. ತಾಲ್ಲೂಕು ಬಂತು, ತಹಸೀಲ್ದಾರರು ಬಂದರು. ಹೊಸ ತಾಲ್ಲೂಕು ಎಂದಮೇಲೆ ಕಂದಾಯ, ಉಪನೋಂದಣಿ, ಭೂಮಾಪನ, ಖಜಾನೆ, ಆಹಾರ ಶಾಖೆ ಎಲ್ಲಕ್ಕೂ ಒಂದು ಸೂರು ಬೇಕು. ಅಂಥ ಸೂರನ್ನು ಹಿಂದೆ ಮಿನಿ ವಿಧಾನಸೌಧ ಎನ್ನುತ್ತಿದ್ದರು, 2022ರಲ್ಲಿ ಅದು ತಾಲ್ಲೂಕು ಆಡಳಿತ ಸೌಧವಾಯಿತು, ಈಗ ಪ್ರಜಾಸೌಧ. ಫಲಕ ಬರೆಯುವವನಿಗೆ ಕೈತುಂಬ ಕೆಲಸ.

ಫಲಕದ ಹಿಂದಿರುವ ನಕ್ಷೆ ಮಾತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಸರ್ಕಾರಿ ಕಟ್ಟಡಗಳಿಗೆ ಮಾದರಿ ನಕ್ಷೆ ಎಂಬ ಪದ್ಧತಿ ಇದೆ. ಕೆಲಸ ಬೇಗ ಆಗುತ್ತದೆ, ಅಂದಾಜು ಪಟ್ಟಿ ಸಿದ್ಧವಿರುತ್ತದೆ, ಮಂಜೂರಾತಿಗೆ ತಕರಾರಿಲ್ಲ. ತೊಂದರೆ ಇಷ್ಟೇ: ಮಡಿಕೇರಿಯ ಮಳೆಗೂ ಕಲಬುರಗಿಯ ಬಿಸಿಲಿಗೂ ಒಂದೇ ಕೊಡೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಸಿಕ್ಕಿತು. ಈ ಮಣ್ಣು, ಈ ಹವೆ ಇಲ್ಲದಿದ್ದರೆ ಆ ರುಚಿ ಬಾರದು ಎಂಬುದೇ ಆ ಮಾನ್ಯತೆಯ ಹುರುಳು. ಬಾಳೆಗೆ ಊರಿದೆ, ಬೇಳೆಗೆ ಊರಿದೆ, ಕಚೇರಿಯ ನಕ್ಷೆಗೆ ಮಾತ್ರ ಊರಿಲ್ಲ.

ಊರಿನ ನಕ್ಷೆ ಬರೆಯಲು ಮೊದಲು ಸೂರ್ಯನ ಲೆಕ್ಕ ಬೇಕು. ಕಲಬುರಗಿ ಇರುವುದು ಉತ್ತರ ಅಕ್ಷಾಂಶ 17 ಡಿಗ್ರಿಯ ಸ್ವಲ್ಪ ಮೇಲೆ. ಮೇ ಎರಡನೇ ವಾರದ ಆಸುಪಾಸು ಮತ್ತು ಆಗಸ್ಟ್ ಮೊದಲ ವಾರ ಇಲ್ಲಿ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಅಂದರೆ ಬೇಸಿಗೆಯ ನಡುಹಗಲಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಚಾವಣಿ. ಬೆಳಿಗ್ಗೆ ಮೂಡಣ ಗೋಡೆ, ಇಳಿಹೊತ್ತಿನಲ್ಲಿ ಪಡುವಣ ಗೋಡೆ. ತೆಂಕಣ ಗೋಡೆಯನ್ನು ಕಾಯುವುದು ಸುಲಭ. ಮಾರ್ಚ್ 21ರ ನಡುಹಗಲಲ್ಲಿ 2 ಅಡಿಯ ಸಜ್ಜಾ 6 ಅಡಿಗೂ ಎತ್ತರದ ಕಿಟಕಿಗೆ ಪೂರಾ ನೆರಳು ಕೊಡುತ್ತದೆ. ಪಡುವಣದಲ್ಲಿ ಈ ಆಟ ನಡೆಯದು. ನಾಲ್ಕು ಗಂಟೆಯ ಬಿಸಿಲು ಓರೆಯಾಗಿ ನುಗ್ಗುತ್ತದೆ, ಅದಕ್ಕೆ ಸಜ್ಜಾ ಲೆಕ್ಕಕ್ಕಿಲ್ಲ.

ಹಾಗಾಗಿ ಕಟ್ಟಡವನ್ನು ಮೂಡಣ–ಪಡುವಣ ಉದ್ದಕ್ಕೆ ಮಲಗಿಸಬೇಕು, ಕಿಟಕಿಗಳು ಬಡಗಣಕ್ಕೂ ತೆಂಕಣಕ್ಕೂ ತೆರೆಯಬೇಕು. ಮೆಟ್ಟಿಲು, ಶೌಚಾಲಯ, ಸಾಮಾನು ಕೋಣೆ ಇವನ್ನೆಲ್ಲ ಪಡುವಣದ ತುದಿಗೆ ತಳ್ಳಿದರೆ ಅವೇ ಒಂದು ದಪ್ಪ ಗೋಡೆಯಂತೆ ಝಳ ತಡೆಯುತ್ತವೆ. ಇದಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ನಕ್ಷೆಯ ಹಾಳೆಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. ಆದರೆ ತಿರುಗಿಸುವವರು ಯಾರು? ಮುಖ್ಯ ರಸ್ತೆ ಯಾವ ಕಡೆಗಿದೆಯೋ ಆ ಕಡೆಗೇ ಕಂಬಗಳ ಮುಂಭಾಗ ಕಾಣಬೇಕೆಂಬ ಹಟ ಸೂರ್ಯನಿಗಿಂತ ಬಲವಾದದ್ದು.

ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಇರಾನಿನ ಖಜ್ವೀನ್ ಮೂಲದ ರಫಿ ಎಂಬಾತ ಕಟ್ಟಿದ್ದು. ಭಾರತದ ಬಹುತೇಕ ದೊಡ್ಡ ಮಸೀದಿಗಳಿಗೆ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಇಡೀ ಜಾಗಕ್ಕೆ ಗುಮ್ಮಟಗಳ ಸೂರು ಹೊದಿಸಿ, ಬದಲಿಗೆ ಸುತ್ತಲಿನ ಗೋಡೆಗಳನ್ನೇ ಅಗಲ ಕಮಾನುಗಳಾಗಿ ತೆರೆದಿದ್ದಾರೆ. ಬೆಳಕು ಬದಿಯಿಂದ ಬರುತ್ತದೆ, ಗಾಳಿ ಬದಿಯಿಂದ ಹಾಯುತ್ತದೆ, ಬಿಸಿಲು ನೆತ್ತಿಯ ಮೇಲೆಯೇ ನಿಲ್ಲುತ್ತದೆ. ಹಾಗೆ ಕಟ್ಟಿದ್ದಕ್ಕೆ ಕಾರಣ ಹವೆಯೇ ಎಂದು ರಫಿ ಎಲ್ಲೂ ಬರೆದಿಟ್ಟಿಲ್ಲ; ಪಂಡಿತರು ಬೇರೆ ಬೇರೆ ಕಾರಣ ಕೊಡುತ್ತಾರೆ. ಆದರೆ ಮೇ ತಿಂಗಳಲ್ಲಿ ಕೋಟೆಯ ಬಯಲು ದಾಟಿ ಆ ಕಮಾನುಗಳೊಳಗೆ ಕಾಲಿಟ್ಟವರಿಗೆ ಪಂಡಿತರ ವಾದ ಬೇಕಾಗುವುದಿಲ್ಲ.

ಈಗಿನ ಚಾವಣಿಯ ಕಥೆಯೇ ಬೇರೆ. ಜೇವರ್ಗಿ ಕಾಲೋನಿಯಂಥ ಬಡಾವಣೆಯಲ್ಲಿ ಆರ್‌ಸಿಸಿ ಮನೆಯಲ್ಲಿರುವವರಿಗೆ ಗೊತ್ತು: ರಾತ್ರಿ ಹತ್ತು ಗಂಟೆಗೂ ಚಾವಣಿಯ ಕೆಳಗೆ ಅಂಗೈ ಎತ್ತಿದರೆ ಬಿಸಿ ಇಳಿಯುವುದು ತಿಳಿಯುತ್ತದೆ, ಫ್ಯಾನು ಅದನ್ನೇ ತಿರುವಿ ಕೆಳಗೆ ಎರಚುತ್ತದೆ. ಐದಾರು ಇಂಚು ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ಸಂಜೆಯ ಮೇಲೆ ಕಾರುತ್ತದೆ. ಹಳ್ಳಿಗಳ ಮಾಳಿಗೆ ಮನೆಗಳಲ್ಲಿ ಮರದ ಜಂತಿಯ ಮೇಲೆ ದಪ್ಪ ಮಣ್ಣು ಹಾಸಿದ್ದರಿಂದ ಬಿಸಿ ಒಳಗಿಳಿಯುವುದರೊಳಗೆ ಹೊತ್ತು ಮುಳುಗುತ್ತಿತ್ತು, ಬೆಳಕಿಂಡಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ಸರ್ಕಾರಿ ಕಟ್ಟಡಕ್ಕೆ ಯಾರೂ ಮಣ್ಣಿನ ಮಾಳಿಗೆ ಹಾಕಬೇಕಿಲ್ಲ. ಆದರೆ ಬೋಳು ಚಾವಣಿಗೆ ಬಿಸಿಲು ನೇರ ಬೀಳಗೊಡಬಾರದು ಎಂಬಷ್ಟನ್ನಾದರೂ ಮಾಳಿಗೆಯಿಂದ ಕಲಿಯಬಹುದಿತ್ತು.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಗಾಂಡೊ ಎಂಬ ಹಳ್ಳಿ ಇದೆ. ಬಿಸಿಲಿನಲ್ಲಿ ಕಲಬುರಗಿಗೆ ಅಣ್ಣನೇ. ಅದೇ ಊರಿನ ಫ್ರಾನ್ಸಿಸ್ ಕೆರೆ ಜರ್ಮನಿಯಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ ತನ್ನೂರಿಗೆ ಒಂದು ಪ್ರಾಥಮಿಕ ಶಾಲೆ ಕಟ್ಟಲು ಹಣ ಕೂಡಿಸಿದರು. 2001ರಲ್ಲಿ ಶಾಲೆ ಮುಗಿಯಿತು. ಗೋಡೆಗೆ ಅಲ್ಲಿನ ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ. ಕೋಣೆಗೊಂದು ಮಣ್ಣಿಟ್ಟಿಗೆಯ ತಾರಸಿ, ಅದರಲ್ಲಿ ಕಿಂಡಿಗಳು. ಅದರ ಮೇಲೆ ಕಬ್ಬಿಣದ ಸರಳುಗಳ ಮೇಲೆ ಎತ್ತರಿಸಿ ಹೊದಿಸಿದ ತಗಡು. ತಗಡು ಬಿಸಿಲು ತಡೆಯುತ್ತದೆ, ತಗಡಿಗೂ ತಾರಸಿಗೂ ನಡುವೆ ಗಾಳಿ ಹರಿಯುತ್ತದೆ, ಒಳಗಿನ ಬಿಸಿಗಾಳಿ ಕಿಂಡಿಗಳಿಂದ ಮೇಲೆದ್ದು ಹೋಗುತ್ತದೆ. ಯಂತ್ರವಿಲ್ಲ, ಕರೆಂಟಿಲ್ಲ. ಈ ಕೆರೆಯವರಿಗೆ 2022ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆಫ್ರಿಕಾದವರೊಬ್ಬರಿಗೆ ಅದು ಬಂದದ್ದು ಅದೇ ಮೊದಲು.

ಕಮಲಾಪುರದ ಕಚೇರಿಗೆ ಇದೇ ಉಪಾಯವನ್ನು ಇನ್ನೂ ಲಾಭದಾಯಕವಾಗಿ ಮಾಡಬಹುದು. ತಗಡಿನ ಜಾಗದಲ್ಲಿ ಸೌರ ಫಲಕಗಳನ್ನೇ ಆಳೆತ್ತರಕ್ಕೆ ನಿಲ್ಲಿಸಿದರೆ ನೆರಳೂ ಆಯಿತು, ಕರೆಂಟೂ ಆಯಿತು. ಈ ಭಾಗದ ಬಿಸಿಲಿಗೆ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಸುಮಾರು 10 ಚದರ ಮೀಟರ್ ಜಾಗ ಬೇಡುತ್ತದೆ. 400 ಚದರ ಮೀಟರಿಗೆ ಹೊದಿಸಿದರೆ 40 ಕಿಲೋವ್ಯಾಟ್. ವರ್ಷಕ್ಕೆ 55 ಸಾವಿರ ಯೂನಿಟ್ಟಿನ ಮೇಲೆ. ಫಲಕವಿಲ್ಲದ ಕಡೆ ಚಾವಣಿಗೆ ಬಿಳಿ ಲೇಪನ. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದು ಸರ್ಕಾರಿ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಗಡಿಯಾಚೆಯ ಬಿಸಿಲು ಬೇರೆಯದೇನಲ್ಲ.

ಇನ್ನೊಂದು ಸಂಗತಿ ವಿಚಿತ್ರವಾದದ್ದು. ಬೇಸಿಗೆಯಲ್ಲೂ ಇಲ್ಲಿ ಹಗಲಿಗೂ ಬೆಳಗಿನ ಜಾವಕ್ಕೂ ಹತ್ತು–ಹದಿನೈದು ಡಿಗ್ರಿ ಅಂತರವಿರುತ್ತದೆ. ತಂಪು ಗಾಳಿ ಪುಕ್ಕಟೆ ಸಿಗುವುದು ನಡುರಾತ್ರಿಯಿಂದ ನಸುಕಿನವರೆಗೆ. ಕಚೇರಿಗಳು ಕಿಟಕಿ ಬಾಗಿಲೆಲ್ಲ ಭದ್ರವಾಗಿ ಮುಚ್ಚಿ ಬೀಗ ಹಾಕಿಕೊಳ್ಳುವುದೂ ಆಗಲೇ. ತೆರೆಯುವುದು ಬಿಸಿಲೇರಿದ ಮೇಲೆ. ರಾತ್ರಿ ಒಳಗೆ ಬಿಟ್ಟುಕೊಂಡು ಹಗಲು ಹೊರಗಿಡಬೇಕಾದದ್ದನ್ನು ತಿರುವುಮುರುವು ಮಾಡುತ್ತೇವೆ. ಕಡತಗಳ ಕಳವಿನ ಭಯ ಸುಳ್ಳಲ್ಲ, ಬೆಕ್ಕು–ಹೆಗ್ಗಣದ ಕಾಟವೂ ಇದೆ. ಹಾಗೆಂದು ಪರಿಹಾರ ಇಲ್ಲದಿಲ್ಲ: ಕಿಟಕಿಯ ಮೇಲೆ ಒಂದು ಸಾಲು ಜಾಲಿ, ಒಳಗೆ ಸೊಳ್ಳೆ ಪರದೆ, ಹಗಲು ಮುಚ್ಚಲು ಒಂದು ಹಲಗೆ. ಕಾವಲುಗಾರ ರಾತ್ರಿ ಹಲಗೆ ತೆರೆದು ಬೆಳಿಗ್ಗೆ ಮುಚ್ಚಿದರೆ ಗೋಡೆಗಳು ತಣ್ಣಗಾಗಿ ಮಧ್ಯಾಹ್ನದವರೆಗೆ ತಂಪು ಹಿಡಿದಿಟ್ಟುಕೊಳ್ಳುತ್ತವೆ. ಗೋಡೆ ದಪ್ಪಗಿದ್ದರೆ ಮಾತ್ರ.

ಹೈದರಾಬಾದಿನಲ್ಲಿ ಭಾರತೀಯ ಉದ್ಯಮ ಒಕ್ಕೂಟದ ಹಸಿರು ಕೇಂದ್ರವೊಂದಿದೆ, 2004ರದು. ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ಮಾನ್ಯತೆ ಪಡೆದ ಮೊದಲ ಕಟ್ಟಡ. ಅಲ್ಲೂ ಜಾಲಿಗೋಡೆ, ಗಾಳಿ ಗೋಪುರ, ನಡು ಅಂಗಳ. ಕಲಬುರಗಿಯಿಂದ ರೈಲಿನಲ್ಲಿ ಕೆಲವೇ ತಾಸಿನ ದಾರಿ. ನಕ್ಷೆ ಮಂಜೂರು ಮಾಡುವವರು ವಿದೇಶ ಪ್ರವಾಸಕ್ಕೆ ಮುಂಚೆ ಒಂದು ದಿನ ಅಲ್ಲಿಗೆ ಹೋಗಿ ಬಂದರೆ ನಷ್ಟವಿಲ್ಲ.

ಈಗ ತಾಲ್ಲೂಕು ಕಚೇರಿಯೊಂದರ ಜಗಲಿಗೆ ಬರೋಣ. ಯಾವ ಊರಿನದಾದರೂ ಸರಿ. ಹನ್ನೆರಡೂವರೆ ಹೊತ್ತು. ಪಿಂಚಣಿಯ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಅಜ್ಜಿಗೆ ಜವಾನ ಹೇಳುತ್ತಾನೆ: “ಸಾಹೇಬ್ರು ಮೀಟಿಂಗ್‌ದಾಗ ಹಾರಬೇ ಆಯಿ, ಹೊರಗ ಕೂಡು.” ಆಯಿ ಸುತ್ತ ನೋಡುತ್ತಾಳೆ. “ಎಲ್ಲಿ ಕೂಡ್ಲೋ ಯಪ್ಪಾ, ನೆಳ್ಳರ ಎಲ್ಲದ?” ಇದ್ದ ಒಂದು ಬೆಂಚು ತುಂಬಿದೆ, ಅದರ ಅರ್ಧಕ್ಕೆ ಬಿಸಿಲು. ಗೋಡೆಯ ಮೇಲೆ, ಸರಿಯಾಗಿ ನಿಂತವರ ಮುಖದ ಎತ್ತರಕ್ಕೆ, ಸಾಹೇಬರ ಕೋಣೆಯ ಎಸಿಯ ಹೊರಪೆಟ್ಟಿಗೆ ಗುಂಯ್‌ಗುಡುತ್ತದೆ. ಕೋಣೆಯ ಬಿಸಿಯನ್ನೆಲ್ಲ ಹೀರಿ, ತನ್ನದನ್ನೂ ಸೇರಿಸಿ, ಸರದಿಯಲ್ಲಿ ನಿಂತವರ ಮೇಲೆ ಊದುತ್ತದೆ. ಒಳಗಿನ ಒಬ್ಬರ ತಂಪಿಗೆ ಹೊರಗಿನ ಐವತ್ತು ಮಂದಿ ಬೇಯುವ ಈ ಏರ್ಪಾಡನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಜಗಲಿಗೆ ನಕ್ಷೆಯಲ್ಲಿ ಯಜಮಾನರಿಲ್ಲ, ಅಷ್ಟೆ.

ಜನರಿಗಾಗಿ ಕಟ್ಟುವ ಕಚೇರಿಯ ನಕ್ಷೆ ಆರಂಭವಾಗಬೇಕಾದದ್ದು ಈ ಜಗಲಿಯಿಂದ. ಹತ್ತಡಿ ಅಗಲದ, ಎರಡೂ ಕಡೆ ಗಾಳಿ ಹಾಯುವ, ಫರಸಿ ಹಾಸಿದ ಪಡಸಾಲೆ; ಗೋಡೆಯುದ್ದಕ್ಕೂ ಕಟ್ಟೆ, ಅಂದರೆ ಮುರಿಯದ, ಕಳುವಾಗದ ಬೆಂಚು; ಕಟ್ಟೆಯ ಮೇಲೆ ಸಾಲು ಫ್ಯಾನು. ಹಳೆಯ ಫ್ಯಾನು 75 ವ್ಯಾಟ್ ತಿನ್ನುವ ಕಡೆ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನಲ್ಲಿ ತಿರುಗುತ್ತದೆ. ಬೀಸುವ ಗಾಳಿಯಲ್ಲಿ ಕೂತವನಿಗೆ ಸೆಕೆ ಎರಡು ಮೂರು ಡಿಗ್ರಿ ಕಡಿಮೆ ಎನ್ನಿಸುತ್ತದೆ. ಕುಡಿಯುವ ನೀರು ಜಗಲಿಯ ನೆರಳಿನ ತುದಿಯಲ್ಲಿರಬೇಕು, ಹೆಂಗಸರ ಶೌಚಾಲಯದ ಬೀಗದ ಕೈ ಹುಡುಕುವಂತಿರಬಾರದು. ಗಾಲಿಕುರ್ಚಿಯ ಇಳಿಜಾರಿಗೆ 1 ಅಡಿ ಏರಲು 12 ಅಡಿ ಉದ್ದ ಬೇಕೆಂಬುದು ನಿಯಮ. ಎರಡಡಿ ಎತ್ತರದ ಕಟ್ಟೆಗೆ 24 ಅಡಿ. ಜಾಗ ಸಾಲದೆಂದು ಎಂಟಡಿಯಲ್ಲಿ ಮುಗಿಸಿದ ಜಾರುಬಂಡೆಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ.

ಗೋಡೆ ಯಾವುದರದು? ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಸುಣ್ಣಗಲ್ಲು ಪದರು ಪದರಾಗಿ ಏಳುವ ಕಲ್ಲು. ದೇಶದ ಎಷ್ಟೋ ರೈಲು ನಿಲ್ದಾಣ, ಶಾಲೆ, ಅಡುಗೆಮನೆಗಳ ನೆಲ ಇದೇ ಫರಸಿ. ಖಣಿಗಳಲ್ಲಿ ನೆಲಕ್ಕೆ ಬಾರದ ಒಡಕು ಚೂರುಗಳು ಗುಡ್ಡೆ ಬಿದ್ದಿರುತ್ತವೆ. ಆ ಚೂರಿನಿಂದ ಕಟ್ಟಿದ ಒಂದೂವರೆ ಅಡಿಯ ಗೋಡೆಗೆ ಬಣ್ಣ ಬೇಡ, ಗಿಲಾವು ಬೇಡ. ಇದೇ ಸುಣ್ಣಗಲ್ಲನ್ನು ಸುಟ್ಟೇ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಸಿಮೆಂಟು ಆಗುವುದು. ಜಗತ್ತಿನ ಇಂಗಾಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದು. ಕಲ್ಲನ್ನು ಕಲ್ಲಾಗಿಯೇ ಬಳಸಿದರೆ ಆ ಬೆಂಕಿ ಉಳಿಯುತ್ತದೆ. ಸಿಮೆಂಟು ಬೇಕಾದ ಕಡೆ ರಾಯಚೂರು ಶಾಖೋತ್ಪನ್ನ ಸ್ಥಾವರದ ಹಾರುಬೂದಿ ಬೆರೆತದ್ದು ಸಿಗುತ್ತದೆ. ಕೆಂಪು ಮಣ್ಣು ಸಿಕ್ಕುವಲ್ಲಿ ಒತ್ತು ಮಣ್ಣಿಟ್ಟಿಗೆಯೂ ಆದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ಹಾಡುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. ಬಹಳ ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಾಳಿಗೆ. ಒಳಸಾಲಿಗೂ ಹೊರಸಾಲಿಗೂ ಕೊಂಡಿಯಿಲ್ಲದ ಗೋಡೆ ಎರಡು ಹೋಳಾಗಿ ಬಿತ್ತು. ಈಚೆಗೆ, 2021ರಲ್ಲಿ, ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಸಣ್ಣ ಕಂಪನಗಳಿಗೆ ಹೆದರಿ ಹೊರಗೆ ಮಲಗಿದ್ದರು. ಆದ್ದರಿಂದ ಕಲ್ಲು ಹೌದು, ಆದರೆ ಗಟ್ಟಿ ಗಾರೆಯೊಂದಿಗೆ. ಅಲ್ಲಲ್ಲಿ ಗೋಡೆಯ ದಪ್ಪದುದ್ದಕ್ಕೂ ಹಾಯುವ ಬಂಧಕ ಕಲ್ಲು, ಕಿಟಕಿಯ ಮೇಲೆ ಕೆಳಗೆ ಸುತ್ತುವರಿದ ಕಾಂಕ್ರೀಟು ಪಟ್ಟಿ. ಇಲ್ಲಿ ಸಿಮೆಂಟಿನ ಉಳಿತಾಯ ನೋಡಬಾರದು.

ಪಾಯದ ಮಾತು ಇನ್ನೂ ನಾಜೂಕು. ಎರೆಭೂಮಿ ತೊಗರಿಗೆ ತಾಯಿ, ಕಟ್ಟಡಕ್ಕೆ ಮಲತಾಯಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಗೋಡೆಯೂ ಅದರ ಜೊತೆ ಉಸಿರಾಡಬೇಕಾಗುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇದಕ್ಕೆಂದೇ ಬುಡ ಉಬ್ಬಿದ ಕಾಂಕ್ರೀಟು ಕಂಬಗಳನ್ನು ರೂಪಿಸಿದ್ದಾರೆ. ಮಣ್ಣು ಕದಲದಷ್ಟು ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರಿನವರೆಗೆ ಅವನ್ನು ಇಳಿಸುತ್ತಾರೆ. ಕಮಲಾಪುರದ ಸುತ್ತ ಕೆಂಪು ನೆಲವೂ ಉಂಟು, ಹಾಗಾಗಿ ಜಾಗ ಗುರುತಿಸುವ ಮೊದಲೇ ನಾಲ್ಕು ಕಡೆ ಮಣ್ಣು ಪರೀಕ್ಷೆ ಮಾಡಿಸಿದರೆ ಪಾಯದಲ್ಲೇ ಲಕ್ಷಗಟ್ಟಲೆ ಉಳಿಯಬಹುದು. ಎರೆಮಣ್ಣಿನಲ್ಲಿ ಹಸಿರಿನ ಉತ್ಸಾಹವೂ ಲೆಕ್ಕ ತಪ್ಪಬಾರದು. ಗೋಡೆಗೆ ಒತ್ತಿ ಬೇವೋ ಅರಳಿಯೋ ನೆಟ್ಟರೆ ಬೇರು ನೀರು ಹೀರಿ ಪಾಯದ ಕೆಳಗಿನ ಮಣ್ಣು ಕುಗ್ಗುತ್ತದೆ. ಮರ ಬೆಳೆದರೆ ಎಷ್ಟು ಎತ್ತರವೋ ಅಷ್ಟು ದೂರ ನೆಡುವುದು ಜಾಣತನ.

ಮಳೆಕೊಯ್ಲಿನಲ್ಲೂ ಇದೇ ಎಡವಟ್ಟು. ಅಂದಾಜು ಪಟ್ಟಿಯಲ್ಲಿ ‘ಇಂಗುಗುಂಡಿ’ ಎಂದು ಒಂದು ಸಾಲು ಇರುತ್ತದೆ, ಬೇರೆ ಜಿಲ್ಲೆಯ ನಕ್ಷೆಯಿಂದ ಬಂದದ್ದು. ಎರೆಮಣ್ಣಿನಲ್ಲಿ ನೀರು ಇಂಗುವುದೇ ನಿಧಾನ. ಇಂಗಿದಷ್ಟೂ ಪಾಯವನ್ನು ಉಬ್ಬಿಸುತ್ತದೆ. ಇಲ್ಲಿ ನೀರನ್ನು ತೊಟ್ಟಿಯಲ್ಲಿ ಹಿಡಿಯಬೇಕು. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು, ಐದರಲ್ಲಿ ಒಂದು ಪಾಲು ಪೋಲಾಯಿತು ಎಂದರೂ, 800 ಚದರ ಮೀಟರ್ ಚಾವಣಿಯಿಂದ 4 ಲಕ್ಷ 80 ಸಾವಿರ ಲೀಟರ್ ಇಳಿಯುತ್ತದೆ. ಅಷ್ಟನ್ನೂ ಹಿಡಿಯುವ ತೊಟ್ಟಿ ದುಬಾರಿ. ಮಳೆಗಾಲ ಪೂರ್ತಿ ಶೌಚಾಲಯಕ್ಕೆ, ನಂತರದ ಒಂದೆರಡು ತಿಂಗಳಿಗೆ ಸಾಕಾಗುವಷ್ಟು ಹಿಡಿದು, ಹೆಚ್ಚಾದದ್ದನ್ನು ಸೋಸಿ ದೂರದ ಕೊಳವೆಬಾವಿಗೆ ಬಿಡುವುದು ವ್ಯವಹಾರಕ್ಕೆ ಒಗ್ಗುವ ದಾರಿ.

ಎಷ್ಟು ದೊಡ್ಡದು ಕಟ್ಟಬೇಕು ಎಂಬ ಪ್ರಶ್ನೆ ಇದೆಲ್ಲಕ್ಕೂ ಮೊದಲಿನದು, ಕೇಳುವವರು ಕಡಿಮೆ. 2000ದಲ್ಲಿ ಶುರುವಾದ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. 2012ರ ಏಪ್ರಿಲ್‌ನಿಂದ ‘ಸಕಾಲ’ ಬಂತು, 2022ರಲ್ಲಿ ‘ಗ್ರಾಮ ಒನ್’. ಅರ್ಜಿ ಹಳ್ಳಿಯಲ್ಲೇ ಹೋಗುತ್ತದೆ, ಕಾಗದ ಅಲ್ಲೇ ಸಿಗುತ್ತದೆ, ಅಥವಾ ಸಿಗಬೇಕು. ಹಾಗಿದ್ದ ಮೇಲೆ ಮುಂದಿನ ಇಪ್ಪತ್ತು ವರ್ಷಕ್ಕೆ ಗುಮಾಸ್ತರ ಕೋಣೆಗಳು ಎಷ್ಟು ಬೇಕು? ಕಟ್ಟದೆ ಬಿಟ್ಟ ಕೋಣೆಗೆ ಸಿಮೆಂಟೂ ಬೇಡ, ಕರೆಂಟೂ ಬೇಡ, ಕಸ ಗುಡಿಸುವವರೂ ಬೇಡ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದಾಗಿನಿಂದ ಅಧಿವೇಶನದ ದಿನಗಳಾಚೆ ಅದನ್ನು ಏನು ಮಾಡುವುದೆಂಬ ಚರ್ಚೆ ನಿಂತಿಲ್ಲ. ತಾಲ್ಲೂಕಿಗೆ ಬೇಕಾದದ್ದು ಮುಂದೆ ಒಂದು ಅಂಕಣ ಸೇರಿಸಬಹುದಾದ ಕಟ್ಟಡ, ಮೊದಲೇ ನಾಲ್ಕು ಅಂಕಣ ಖಾಲಿ ಇಟ್ಟುಕೊಂಡದ್ದಲ್ಲ.

ಒಂದು ಕೋಣೆಗೆ ಮಾತ್ರ ಜಿಪುಣತನ ತೋರಬಾರದು: ಅಭಿಲೇಖಾಲಯ. ಈ ಭಾಗದ ಹಳೆಯ ಕಂದಾಯ ದಾಖಲೆಗಳಲ್ಲಿ ಉರ್ದುವಿನವು ಬಹಳ; ಹೈದರಾಬಾದ್ ಸಂಸ್ಥಾನದ ಕಾಲದ ಆ ಹಾಳೆಗಳ ಮೇಲೆ ಇವತ್ತಿಗೂ ಹೊಲದ ವ್ಯಾಜ್ಯಗಳು ನಿಲ್ಲುತ್ತವೆ, ಬೀಳುತ್ತವೆ. ಸ್ಕ್ಯಾನ್ ಮಾಡಿದರೂ ಮೂಲ ಹಾಳೆ ಬೇಕು. ಅದಕ್ಕೆ ಬಡಗಣ ಬದಿಯ, ಗೆದ್ದಲು ಹತ್ತದ, ಚಾವಣಿಗೆ ಅಂಟದ, ನೀರಿನ ಕೊಳವೆ ಹಾಯದ ಕೋಣೆ ಬೇಕು. ಎಸಿ ಯಾರಿಗಾದರೂ ಸಲ್ಲುವುದಿದ್ದರೆ ಮೊದಲು ಇದಕ್ಕೆ, ಆಮೇಲೆ ಸರ್ವರ್ ಕೋಣೆಗೆ.

ಜಾಗದ ಆಯ್ಕೆಯಲ್ಲಿ ಊರಾಚೆಯ ಸರ್ಕಾರಿ ಜಮೀನು ಕಣ್ಣಿಗೆ ಬೀಳುತ್ತದೆ, ಪುಕ್ಕಟೆ ಎನ್ನಿಸುತ್ತದೆ. ಬಸ್ ನಿಲ್ದಾಣದಿಂದ ಮೂರು ಕಿಲೋಮೀಟರ್ ಆಚೆ ಕಟ್ಟಿದರೆ ದಿನಕ್ಕೆ ನೂರಾರು ಮಂದಿ ಆಟೊಕ್ಕೆ ದುಡ್ಡು ಕೊಡುತ್ತಾರೆ ಅಥವಾ ಬಿಸಿಲಲ್ಲಿ ನಡೆಯುತ್ತಾರೆ. ಚಾವಣಿಯ ಸೌರ ಫಲಕ ಉಳಿಸಿದ ಹೊಗೆಯನ್ನು ಆ ಆಟೊಗಳು ಹೊರಗೆ ಬಿಡುತ್ತವೆ. ಜರ್ಮನಿಯ ಫ್ರೈಬುರ್ಗ್ ನಗರ 2017ರಲ್ಲಿ ಹೊಸ ಪುರಭವನ ಕಟ್ಟಿಕೊಂಡಾಗ ಊರಿನ ತುಂಬ ಚದುರಿದ್ದ ಕಚೇರಿಗಳನ್ನು ಒಂದೆಡೆ ತಂದು ಜನರ ಅಲೆದಾಟವನ್ನೂ ಕಡಿಮೆ ಮಾಡಿತು. ಗೋಡೆಗಳಿಗೂ ಸೌರ ಫಲಕ ತೊಡಿಸಿದ ಆ ಕಟ್ಟಡವನ್ನು ವರ್ಷದಲ್ಲಿ ಬಳಸುವುದಕ್ಕಿಂತ ಹೆಚ್ಚು ಶಕ್ತಿ ಉತ್ಪಾದಿಸುವಂತೆಯೇ ರೂಪಿಸಿದ್ದರು. ದೆಹಲಿಯಲ್ಲಿ 2014ರಲ್ಲಿ ಉದ್ಘಾಟನೆಯಾದ ಪರಿಸರ ಸಚಿವಾಲಯದ ಇಂದಿರಾ ಪರ್ಯಾವರಣ ಭವನದ ಮೇಲೆ 930 ಕಿಲೋವ್ಯಾಟ್ ಫಲಕಗಳಿವೆ. ಅವೆರಡೂ ದುಡ್ಡಿನ ಕಟ್ಟಡಗಳು. ಕಮಲಾಪುರಕ್ಕೆ ಅವುಗಳ ಯಂತ್ರ ಬೇಡ. ದೆಹಲಿಯ ಭವನದ ನಡು ಅಂಗಳ, ಫ್ರೈಬುರ್ಗಿನ ಒಂದೇ ಸೂರಿನ ಲೆಕ್ಕ ಸಾಕು.

ಇಷ್ಟೆಲ್ಲ ಒಪ್ಪಿದ ಎಂಜಿನಿಯರೂ ಕೊನೆಗೆ ಒಂದು ಮಾತು ಹೇಳುತ್ತಾರೆ: “ಎಲ್ಲ ಖರೆ, ಎಸ್‌ಆರ್‌ದಾಗ ಇಲ್ರಿ.” ಎಸ್‌ಆರ್ ಎಂದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ. ಅದರಲ್ಲಿ ದರವಿಲ್ಲದ ವಸ್ತುವಿಗೆ ಬೇರೆಯಾಗಿ ದರ ವಿಶ್ಲೇಷಣೆ ಮಾಡಬೇಕು, ಕೊಟೇಶನ್ ತರಿಸಬೇಕು, ಮೇಲಿನವರ ಒಪ್ಪಿಗೆ ಬೇಕು, ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕು. ಯಾವ ಸಹಾಯಕ ಎಂಜಿನಿಯರ್ ಇಷ್ಟು ಉಸಾಬರಿ ಮೈಮೇಲೆ ಎಳೆದುಕೊಂಡಾನು? ಹಸಿರು ಕಟ್ಟಡದ ಮೇಲೆ ಭಾಷಣ ಮಾಡುವ ಸರ್ಕಾರ ಮೊದಲು ಮಾಡಬಹುದಾದದ್ದು ಕಲಬುರಗಿ ವೃತ್ತದ ದರಪಟ್ಟಿಗೆ ಹತ್ತು ಸಾಲು ಸೇರಿಸುವುದು: ಫರಸಿ ಚೂರಿನ ಗೋಡೆ, ಸುಣ್ಣದ ಗಿಲಾವು, ಎತ್ತರಿಸಿದ ಸೌರ ಚೌಕಟ್ಟು, ತಂಪು ಚಾವಣಿಯ ಲೇಪನ, ಜಾಲಿ. ಟೆಂಡರಿನಲ್ಲಿ ಅತಿ ಕಡಿಮೆ ದರದವನಿಗೆ ಕೆಲಸ ಹೋಗುವುದು ಪದ್ಧತಿ; ಮೂವತ್ತು ವರ್ಷದ ಕರೆಂಟ್ ಬಿಲ್ಲು ಆ ದರದೊಳಗೆ ಸೇರಿರುವುದಿಲ್ಲ. ಕಟ್ಟುವ ದುಡ್ಡು ಒಂದು ಶೀರ್ಷಿಕೆಯದು, ನಿರ್ವಹಣೆಯ ದುಡ್ಡು ಇನ್ನೊಂದರದು. ಹಾಗಾಗಿಯೇ ಸೌರ ಫಲಕ ಬರುತ್ತದೆ, ಅದರ ಮೇಲಿನ ಧೂಳು ಒರೆಸುವ ಆಳು ಬರುವುದಿಲ್ಲ. ಕಲಬುರಗಿಯ ಧೂಳಿಗೆ ಹದಿನೈದು ದಿನ ಒರೆಸದಿದ್ದರೆ ಫಲಕ ಮಬ್ಬಾಗುತ್ತದೆ.

ಕಟ್ಟಡಗಳ ಉದ್ಘಾಟನೆ ಹಿತವಾದ ಹವೆಯಲ್ಲಿ ನಡೆದುಹೋಗುವುದೂ ಉಂಟು. ಜನವರಿಯಲ್ಲಿ ಎಲ್ಲ ಕಟ್ಟಡವೂ ತಂಪೇ. ಕೆಲಸ ಮುಗಿದ ಮೇಲೂ ಗುತ್ತಿಗೆದಾರನ ಹಣದಲ್ಲಿ ಒಂದು ಪಾಲನ್ನು ಹೊಣೆಗಾರಿಕೆಯ ಅವಧಿ ಮುಗಿಯುವವರೆಗೆ ಹಿಡಿದಿಡುವ ರೂಢಿ ಇದೆ. ಸೋರಿಕೆ, ಬಿರುಕು ಬಂದರೆ ಆತನೇ ಸರಿಮಾಡಬೇಕು. ಅದೇ ಕರಾರಿನಲ್ಲಿ ಸೋರಿಕೆಯ ಪಕ್ಕಕ್ಕೆ ಸೆಕೆಯನ್ನೂ ಬರೆಯಬಹುದು. ಜಗಲಿಯಲ್ಲಿ ಎರಡು, ಗುಮಾಸ್ತರ ಸಭಾಂಗಣದಲ್ಲಿ ಎರಡು, ಮೇಲಂತಸ್ತಿನ ಪಡುವಣ ಕೋಣೆಯಲ್ಲಿ ಒಂದು ತಾಪಮಾಪಕ. ಎಸಿ ಇಲ್ಲದೆ, ಫ್ಯಾನು ಮಾತ್ರ ಹಾಕಿ, ಏಪ್ರಿಲ್ ಒಂದರಿಂದ ಮೇ ಕೊನೆಯವರೆಗೆ ದಿನಾ ಮಧ್ಯಾಹ್ನ ಮೂರಕ್ಕೆ ಬರೆದಿಟ್ಟ ಅಂಕಿ. ಹೊರಗಿನ ನೆರಳಿಗಿಂತ ಒಳಗೆ ಐದಾರು ಡಿಗ್ರಿಯಾದರೂ ಕಡಿಮೆ ಇರಬೇಕೆಂದು ನಕ್ಷೆ ಬರೆಯುವಾಗಲೇ ಗೊತ್ತುಮಾಡಿ, ನಕ್ಷೆ ಬರೆದವರ ಶುಲ್ಕದ ಕೊನೆಯ ಕಂತನ್ನೂ ಈ ಅಂಕಿಗಳಿಗೇ ಕಟ್ಟಿದರೆ, ಪಡುವಣಕ್ಕೆ ಗಾಜು ಇಡುವ ಮುನ್ನ ಅವರು ಎರಡು ಬಾರಿ ಯೋಚಿಸಿಯಾರು. ತಾಪಮಾಪಕದ ಬೆಲೆ ಕೆಲವು ನೂರು ರೂಪಾಯಿ, ಅಂಕಿ ಬರೆಯಲು ಒಂದು ರಿಜಿಸ್ಟರು ಸಾಕು. ಅದು ಎಸ್‌ಆರ್‌ನಲ್ಲೂ ಬೇಕಾಗಿಲ್ಲ.